ಐದನೆಯ ಕಾರಣ

ನೀರಿನ ತೊಟ್ಟಿಯೊಂದಕ್ಕೆ ಯಾವ ಹಸಿರು ಬಳಿಯಬೇಕು ಎಂಬ ಪ್ರಶ್ನೆ ಮನುಕುಲಕ್ಕೆ ತನ್ನ ಪೂರ್ಣ ಗಾಂಭೀರ್ಯದೊಡನೆ ಎದುರಾದದ್ದು 2006ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಜನ ಈ ವಿಷಯದಲ್ಲಿ ಕತ್ತಲೆಯಲ್ಲಿದ್ದರು. ಸಿಕ್ಕ ಬಣ್ಣ ಬಳಿದು ನೀರು ಕುಡಿದುಕೊಂಡಿದ್ದರು. ರಾಟರ್‌ಡ್ಯಾಮ್, ಸಿಂಗಪುರ ಮತ್ತು ತಿರುವನಂತಪುರದ ಹದಿನಾಲ್ಕು ಮಂದಿ ಒಂದೇ ಫೋನ್ ಕರೆಯಲ್ಲಿ ಕೂಡಿ ಒಂದು ಗಂಟೆ ಹತ್ತು ನಿಮಿಷ ಇದನ್ನು ಚರ್ಚಿಸಿದರು. ಗುತ್ತಿಗೆದಾರ ಬಳಿದ ಹಸಿರು ಕಂಪನಿಯ ಲಾಂಛನದ ಹಸಿರಿಗಿಂತ ಎರಡು ಪಟ್ಟು ಗಾಢವಾಗಿತ್ತು. ಸರಿಯಾದ ಹಸಿರು ಹಾಲೆಂಡಿನಿಂದ ಡಬ್ಬಿಯಲ್ಲಿ ಬರಬೇಕೆಂದೂ, ಅದು ಬಂದು ಬಳಿದು ಒಣಗಿದ ಮೇಲೆಯೇ ಉದ್ಘಾಟನೆಯೆಂದೂ ತೀರ್ಮಾನವಾಯಿತು. ತೊಟ್ಟಿ ಇದ್ದದ್ದು ಕೊಚ್ಚಿಯ ಮಗ್ಗುಲಿನ ಏಲೂರಿನಲ್ಲಿ, ಪಾಲಪ್ಪರಂಬು ಎಂಬ ವಾರ್ಡಿನಲ್ಲಿ. ಆ ವಾರ್ಡಿನವರು ಯಾರೂ ಕರೆಯಲ್ಲಿರಲಿಲ್ಲ.

ಕಂಪನಿಯ ಹೆಸರು ಹೆಲ್ಮರ್‌ಡೈಕ್ ಕೆಮಿ. ಪಾಲಪ್ಪರಂಬಿನವರ ಬಾಯಲ್ಲಿ ‘ಹೆಲ್ಮೆಟ್ ಕಂಪನಿ’. ಅದು ಹನ್ನೊಂದು ದೇಶಗಳಲ್ಲಿ ಬಣ್ಣಕ್ಕೂ ಚರ್ಮಕ್ಕೂ ಬೇಕಾದ ರಾಸಾಯನಿಕಗಳನ್ನು ಕುದಿಸುತ್ತಿತ್ತು, ಹನ್ನೊಂದು ದೇಶಗಳಲ್ಲೂ ಸಮಾಜದ ಕಡೆಗಿನ ತನ್ನ ಹೊಣೆಯನ್ನು ತೀರಿಸುತ್ತಿತ್ತು. ಹೊಣೆ ದೇಶಕ್ಕೊಂದು ಬಗೆ. ಹಾಲೆಂಡಿನಲ್ಲಿ ಕಾನೂನು ಬಿಗಿಯಾದ್ದರಿಂದ ಸಮಾಜಕ್ಕೆ ಕೊಡಲು ಹೆಚ್ಚೇನೂ ಉಳಿದಿರಲಿಲ್ಲ. ಕೊಕ್ಕರೆಗಳು ಗೂಡು ಕಟ್ಟಲೆಂದು ಕಂಬ ನೆಟ್ಟಿದ್ದರು. ಬ್ರೆಜಿಲಿಗೆ ಫುಟ್‌ಬಾಲ್ ಮೈದಾನ, ವಿಯೆಟ್ನಾಮಿಗೆ ಶಾಲಾ ಚೀಲ, ಪೋಲೆಂಡಿಗೆ ಚರ್ಚಿನ ಗಂಟೆ. ಏಲೂರಿನಲ್ಲಿ ಕಂಪನಿಯ ಘಟಕದ ಪಕ್ಕದ ಆ ವಾರ್ಡಿನ ಬಾವಿಗಳಲ್ಲಿ ನೀರು ಹಾಲು ಹಾಕದ ಕಟ್ಟನ್ ಚಹಾದ ಬಣ್ಣಕ್ಕೆ ತಿರುಗಿದ್ದರಿಂದ ಅಲ್ಲಿಗೆ ಕುಡಿಯುವ ನೀರು. ತೊಟ್ಟಿ ಆಗುವ ತನಕ ಕಂಪನಿಯ ಟ್ಯಾಂಕರ್ ಲಾರಿ ದಿನಕ್ಕೆರಡು ಸಲ ಬರುತ್ತಿತ್ತು. ನೀರು ಆ ಬಣ್ಣಕ್ಕೆ ಹೇಗೆ ತಿರುಗಿತು ಎಂಬುದಕ್ಕೆ ಹೊಣೆಯ ಲೆಕ್ಕ ಬರೆಯುವ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಈ ನಮೂನೆ ಹನ್ನೊಂದು ದೇಶಗಳಿಗೂ ಒಂದೇ. ತುಂಬುತ್ತಿದ್ದದ್ದು ತಿರುವನಂತಪುರದ ಐಟಿ ಪಾರ್ಕಿನ ನಾಲ್ಕನೆಯ ಮಹಡಿಯಲ್ಲಿ. ಕೊಕ್ಕರೆಯ ಮರಿಗಳನ್ನೂ ಚರ್ಚಿನ ಗಂಟೆಯನ್ನೂ ಕಂಪ್ಯೂಟರಿಗೆ ಏರಿಸುತ್ತಿದ್ದವನು ಕುಂಬಳೆಯ ನಿತ್ಯಾನಂದ, ಮೂವತ್ತೊಂದು ವರ್ಷದವನು, ಶ್ರೀಕಾರ್ಯದಲ್ಲಿ ಬಾಡಿಗೆ ಮನೆ. ಕಾಸರಗೋಡಿನ ಕಡೆಯವನಾದ್ದರಿಂದ ಮಲಯಾಳ ಓದಲು ಬರೆಯಲು ಬರುತ್ತಿತ್ತು. ಹಾಗಾಗಿ ಏಲೂರಿಗೆ ಹೋಗಿ ತೊಟ್ಟಿಯ ಫೋಟೋ ತೆಗೆದು ತರುವ ಕೆಲಸವೂ ಅವನದೇ. ಅವನ ಮೇಲಿನವರು ಧಾರವಾಡದ ವಿಜಯಶ್ರೀ ಮೇಡಂ. ಇಂಗ್ಲಿಷಿನ ಆ ಮಹಡಿಯಲ್ಲಿ ಇಬ್ಬರೂ ಕನ್ನಡ ಮಾತಾಡುತ್ತಿದ್ದರು, ತಲಾ ಒಂದೊಂದು ಕನ್ನಡ.

ನವೆಂಬರಿನಲ್ಲಿ ಫೋಟೋಕ್ಕೆಂದು ಹೋದಾಗ ಅವನಿಗೆ ಕಲ್ಯಾಣಿಯ ಪರಿಚಯವಾಯಿತು. ತೊಟ್ಟಿಯ ಎದುರಿನ ಮನೆ, ಐವತ್ತರ ಹತ್ತಿರದ ವಿಧವೆ, ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಕೆಲಸ. ಅವನಿಗೆ ನಿಂಬೆ ಪಾನಕ ಕೊಟ್ಟು, ಅವನು ಲೋಟದೊಳಗೆ ಇಣುಕಿದ್ದನ್ನು ನೋಡಿ ನಕ್ಕಳು.

“ಕುಡೀರಿ ಸಾರೇ, ಲಾರಿ ನೀರು. ಬಾವಿ ನೀರಾದರೆ ಪಾನಕ ಮಾಡೋದೇ ಬೇಡ, ಬಣ್ಣ ಮೊದಲೇ ಬಂದಿರತ್ತೆ.”

“ಇನ್ನು ಎರಡು ತಿಂಗಳು ಚೇಚಿ. ಆಮೇಲೆ ಮನೆ ಮುಂದೆಯೇ ನಲ್ಲಿ,” ಎಂದ ಅವನು, ಅಲ್ಲಿಯವರ ಹಾಗೆ ಅವಳನ್ನು ಅಕ್ಕ ಎಂದು ಕರೆದು.

ಆಗ ಅವಳು ಒಂದು ಮಾತು ಕೇಳಿದಳು. ಮಗಳು ನಿರ್ಮಲ ವೈಕಂನಲ್ಲಿದ್ದಾಳೆ, ಚೊಚ್ಚಲ ಬಸುರಿ. ಪದ್ಧತಿಯಂತೆ ಏಳನೆಯ ತಿಂಗಳಲ್ಲಿ ತವರಿಗೆ ಕರೆತರಬೇಕು. ಗಂಡನ ಮನೆಯವರು ನಿಮ್ಮೂರಿನ ನೀರಿಗೆ ಹೇಗೆ ಕಳಿಸೋದು ಅನ್ನುತ್ತಿದ್ದಾರೆ. “ಸಂಬಂಧ ಕೇಳುವಾಗಲೇ ಅಂದಿದ್ದರು, ನೀರಿಲ್ಲದ ಮನೆ ಅಂತ. ನೀರು ಬರುತ್ತೆ, ಕಳಿಸಿ ಅಂತ ಹೇಳಲಾ ಸಾರೇ?”

“ಹೇಳಿ ಚೇಚಿ, ಧೈರ್ಯವಾಗಿ ಹೇಳಿ,” ಎಂದ ನಿತ್ಯಾನಂದ. ತನ್ನ ಕಾರ್ಡನ್ನೂ ಕೊಟ್ಟ. ಕಂಪನಿಯ ಕಾರ್ಡು, ಸರಿಯಾದ ಹಸಿರಿನದು.

ಡಿಸೆಂಬರಿನ ಕೊನೆಗೆ ವರ್ಷದ ನಮೂನೆ ಮುಚ್ಚಬೇಕು. ಅದರಲ್ಲಿ ಯೋಜನೆಗೊಂದು ದೀಪ: ಶುರುವಾಗದಿದ್ದರೆ ಕೆಂಪು, ನಡೆಯುತ್ತಿದ್ದರೆ ಹಳದಿ, ಮುಗಿದರೆ ಹಸಿರು. ಇಪ್ಪತ್ತೊಂಬತ್ತನೆಯ ತಾರೀಕು ಮಧ್ಯಾಹ್ನ ವಿಜಯಶ್ರೀ ಅವನ ಕುರ್ಚಿಯ ಹಿಂದೆ ಬಂದು ನಿಂತರು.

“ಹತ್ತು ದೇಶ ಹಸಿರಾಗ್ಯಾವ. ನಮ್ಮದೊಂದ ಹಳದಿ. ದೇಶದ ಮಾನ ಕಳೀಬ್ಯಾಡ್ರಿ.”

“ಇನ್ನೂ ನೀರು ಬಿಡ್ಲಿಲ್ಲ ಮೇಡಂ. ಪೈಂಟು ಹಡಗಲ್ಲಿ ಉಂಟು.”

“ತೊಟ್ಟಿ ಕಟ್ಯಾರೋ ಇಲ್ಲೋ?”

“ಕಟ್ಟಿದ್ದಾರೆ.”

“ಪೈಪು?”

“ಉಂಟು. ಆಲುವಾದಿಂದ ನೀರು ವಾಲ್ವಿನವರೆಗೆ ಬಂದು ನಿಂತಿದೆ. ಬೀಗ ಹಾಕಿದ್ದಾರೆ.”

“ಮತ್ತ? ನಮೂನಿ ಏನ ಕೇಳತದ? ಕಟ್ಟಿದೀರೇನು ಅಂತ ಕೇಳತದ. ಕುಡದಾರೇನು ಅಂತ ಕೇಳೂದಿಲ್ಲ. ಕೇಳಿದ್ದಕ್ಕಷ್ಟ ಉತ್ತರ ಬರೀರಿ. ಪರೀಕ್ಷಾದಾಗ ಹಂಗ ಬರದೇ ಪಾಸಾಗೀರಿ ಹೌದಲ್ಲೋ?”

ಅವನು ಹಸಿರು ಒತ್ತಿದ. ದೀಪ ಹಸಿರಾದರೆ ಯೋಜನೆಗೆ ಅಂಟಿಕೊಂಡಿರುವ ತಾತ್ಕಾಲಿಕ ಏರ್ಪಾಡೆಲ್ಲ ತಾನಾಗಿ ಮುಚ್ಚಿಹೋಗುತ್ತದೆ. ಒಂದೇ ಕೆಲಸವನ್ನು ಎರಡು ಮಾಡಬಾರದೆಂದು ಸಿಂಗಪುರದ ಬುದ್ಧಿವಂತನೊಬ್ಬ ಹಾಗೆ ವ್ಯವಸ್ಥೆ ಮಾಡಿದ್ದ. ಇದು ನಿತ್ಯಾನಂದನಿಗೆ ಗೊತ್ತಿಲ್ಲದ್ದಲ್ಲ. ಹೊಸಬರಿಗೆ ಇದನ್ನು ವಿವರಿಸುವ ಟಿಪ್ಪಣಿ ಬರೆದವನೇ ಅವನು. ಆದರೆ ಉದ್ಘಾಟನೆ ಜನವರಿ ಐದಕ್ಕೆಂದು ಹೇಳಿದ್ದರು. ಒಂದು ವಾರ ಹೇಗೋ ಕಳೆದೀತು ಅಂದುಕೊಂಡ.

ಜನವರಿ ಎರಡರಂದು ಉದ್ಘಾಟನೆಯನ್ನು ಮಾರ್ಚಿಗೆ ಮುಂದೂಡಿದ ಸುದ್ದಿ ಬಂತು. ಆಡಳಿತ ಮಂಡಳಿಯ ಸದಸ್ಯರೊಬ್ಬರು ಮಾರ್ಚಿನಲ್ಲಿ ವಲ್ಲಾರ್ಪಾಡಂನ ಬಂದರಿನ ಜಾಗ ನೋಡಲು ಬರುವವರಿದ್ದರು, ಆಗಲೇ ತೊಟ್ಟಿಯನ್ನೂ ತೆರೆದರೆ ಒಂದೇ ಪ್ರಯಾಣದಲ್ಲಿ ಎರಡು ಕೆಲಸ. ಕಲ್ಲಿನ ಫಲಕದ ಮೇಲೆ ಅವರ ಹೆಸರು ಆಗಲೇ ಕೊರೆದಾಗಿತ್ತು.

ಒಂಬತ್ತನೆಯ ತಾರೀಕು ಕಲ್ಯಾಣಿಯ ಫೋನು ಬಂತು, ಪಕ್ಕದ ಮನೆಯ ಮೊಬೈಲಿನಿಂದ.

“ಸಾರೇ, ಲಾರಿ ಬಂದು ಒಂಬತ್ತು ದಿನ ಆಯ್ತು. ನಿರ್ಮಲ ಭಾನುವಾರ ಬಂದಿದಾಳೆ. ದಾಮೋದರನ ಕೈಗೆ ಕೊಡ್ತೀನಿ, ಅವನೇ ಹೇಳಲಿ.”

ದಾಮೋದರನ್ ಆ ಟ್ಯಾಂಕರಿನ ಡ್ರೈವರ್, ಅದೇ ವಾರ್ಡಿನವನು. “ಸಾರೇ, ಯೋಜನೆ ಮುಗೀತು, ಲಾರಿ ಬೇಡ ಅಂತ ಕಾಗದ ಕೊಟ್ಟರು. ನಾಳೆ ಗಾಡಿ ವಿಶಾಖಪಟ್ಟಣಕ್ಕೆ ಹೋಗತ್ತಂತೆ. ಮುಗಿದದ್ದು ಯಾವ ಯೋಜನೆ ಅಂತ ನಾನೂ ಹುಡುಕ್ತಾ ಇದ್ದೇನೆ. ಸಿಕ್ಕರೆ ಒಂದು ಕೊಡ ತುಂಬಿಕೊಳ್ಳಬಹುದಿತ್ತು.”

ನಿತ್ಯಾನಂದ ಏಲೂರು ಘಟಕದ ಮ್ಯಾನೇಜರಿಗೆ ಫೋನು ಮಾಡಿ ವಾಲ್ವ್ ತೆರೆಯಿರಿ ಎಂದು ಬೇಡಿಕೊಂಡ. ತೆರೆಯುವವರ ಹೆಸರು ಕಲ್ಲಿನ ಮೇಲಿದೆ, ಅದು ನನ್ನ ಹೆಸರಲ್ಲ ಎಂದು ಅವರು ಸರಿಯಾಗಿಯೇ ಹೇಳಿದರು. ವಾರ್ಡಿನವರು ಪಂಚಾಯಿತಿಯಿಂದ ಕಲೆಕ್ಟರ್ ಕಚೇರಿಯವರೆಗೆ ಇನ್ನೂ ನಾಲ್ಕು ಬಾಗಿಲು ತಟ್ಟಿದರು. ಎಲ್ಲ ಕಡೆಯೂ ಮುಗಿದ ತೊಟ್ಟಿಯ ಫೋಟೋ ಅವರಿಗಿಂತ ಮೊದಲೇ ತಲುಪಿತ್ತು.

ದೀಪವನ್ನು ಹಳದಿಗೆ ತಿರುಗಿಸಿದರೆ ಲಾರಿ ಮರಳುತ್ತದೆ. ಅವನು ವಿಜಯಶ್ರೀಯವರ ಕೋಣೆಗೆ ಹೋದ.

“ಹಸಿರಾದದ್ದನ್ನ ಹಳದಿ ಮಾಡೂದೇನು ಮಾವಿನಕಾಯೇನ್ರೀ?”

“ದಾರಿ ಒಂದು ಉಂಟು ಮೇಡಂ. ಮುಗಿದ ಯೋಜನೆ ಮತ್ತೆ ತೆರೀಲಿಕ್ಕೆ ಐದು ಕಾರಣ ಕೊಟ್ಟಿದ್ದಾರೆ. ಯುದ್ಧ, ಭೂಕಂಪ, ಸರ್ಕಾರ ಕಂಪನಿಯನ್ನ ವಶ ಮಾಡಿಕೊಂಡದ್ದು, ಕಾರ್ಖಾನೆ ಮಾರಿದ್ದು. ಐದನೇದು, ಸ್ಥಳೀಯರು ಸಮ್ಮತಿ ಹಿಂತೆಗೆದುಕೊಂಡದ್ದು.”

“ಪೈಂಟ್ ಬಂದಿಲ್ಲ ಅನ್ನೂದು?”

“ಅದಿಲ್ಲ.”

“ನೀವು ತಪ್ಪು ಗುಂಡಿ ಒತ್ತೀರಿ ಅನ್ನೂದು?”

“ನಾವು ಒತ್ತಿದ್ದು ಮೇಡಂ. ಅದೂ ಇಲ್ಲ.”

ವಿಜಯಶ್ರೀ ಕಿಟಕಿಯ ಕಡೆ ತಿರುಗಿ ಹೊರಗಿನ ತೆಂಗಿನ ಮರಗಳನ್ನು ಬಹಳ ಆಸಕ್ತಿಯಿಂದ ನೋಡಿದರು. “ಭೂಕಂಪ ನಿಮ್ಮ ಕೈಯಾಗಿಲ್ಲ. ಐದನೇದು ನಾ ನೋಡಿಲ್ಲ, ನೀವು ನನಗ ಹೇಳಿಲ್ಲ. ಒಂದ ಮಾತು ತಮ್ಮಾ, ಅದಕ್ಕ ಜನರ ಸಹಿ ಬೇಕಾಗ್ತದ.”

ಹಾಗೆ ಅವನು ಶನಿವಾರ ಬೆಳಗಿನ ವೇಣಾಡ್ ಎಕ್ಸ್‌ಪ್ರೆಸ್ ಹತ್ತಿದ. ಕಾಯಂಕುಳಂ ದಾಟುವಷ್ಟರಲ್ಲಿ ಪತ್ರದ ಒಕ್ಕಣೆ ಸಿದ್ಧವಾಗಿತ್ತು. ಕಾಗದದಲ್ಲಿ ಒಂದು ಸುಳ್ಳು, ಕೊಡದಲ್ಲಿ ನೀರು. ಲೆಕ್ಕ ನೋಡಿದರೆ ನಷ್ಟದ ವ್ಯಾಪಾರವಲ್ಲ ಎಂದು ಅವನಿಗೆ ತೋರಿತು.

ಕಲ್ಯಾಣಿಯ ಜಗಲಿಯಲ್ಲಿ ಇಪ್ಪತ್ತು ಮೂವತ್ತು ಮಂದಿ ಸೇರಿದ್ದರು. ನಿರ್ಮಲ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು, ತೆಳ್ಳನೆಯ ಹುಡುಗಿ, ಹೊಟ್ಟೆ ಮಾತ್ರ ಬೇರೆ ಯಾರದೋ ಎಂಬಂತೆ ಮುಂದಿತ್ತು. ನಿತ್ಯಾನಂದ ಪತ್ರವನ್ನು ಮಲಯಾಳದಲ್ಲಿ ಓದಿ ಹೇಳಿದ: ಪಾಲಪ್ಪರಂಬಿನ ನಿವಾಸಿಗಳಾದ ನಾವು ಈ ತೊಟ್ಟಿಗೆ ಸದ್ಯಕ್ಕೆ ಸಮ್ಮತಿ ನೀಡುವುದಿಲ್ಲ.

“ಬೇಡ ಅಂತ ಯಾಕೆ ಬರೀಬೇಕು ಸಾರೇ?” ಎಂದಳು ಕಲ್ಯಾಣಿ. “ನಮಗೆ ಬೇಕಲ್ವಾ?”

“ಬೇಕು ಅಂತ ಬರೀಲಿಕ್ಕೆ ಅದರಲ್ಲಿ ಜಾಗ ಇಲ್ಲ ಚೇಚಿ. ಬೇಡ ಅಂದರೆ ಯೋಜನೆ ಮತ್ತೆ ತೆರೆದುಕೊಳ್ಳುತ್ತದೆ. ತೆರೆದರೆ ಲಾರಿ ಬರುತ್ತದೆ. ಮಾರ್ಚಿಗೆ ನಲ್ಲಿ.”

“ಬೇಡ ಅಂದರೆ ಬರೋದು, ಬೇಕು ಅಂದರೆ ಬರದಿರೋದು,” ಎಂದ ದಾಮೋದರನ್, ಪೆನ್ನಿಗೆ ಕೈ ಚಾಚುತ್ತ. “ನನ್ನ ಹೆಂಡತಿ ಹೆಲ್ಮೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ ಅಂತ ಗೊತ್ತೇ ಇರಲಿಲ್ಲ.”

ಎಲ್ಲರೂ ನಕ್ಕರು. ನಿರ್ಮಲಳೂ ನಕ್ಕಳು. ಕಲ್ಯಾಣಿ ಮನೆಮನೆಗೆ ಹೋಗಿ ಸಂಜೆಯೊಳಗೆ ನೂರ ಎಪ್ಪತ್ತಾರು ಸಹಿ ತಂದಳು. ಸಂಶಯಪಟ್ಟವರಿಗೆಲ್ಲ ಅವಳದು ಒಂದೇ ಉತ್ತರ: “ಸಾರ್ ನಮ್ಮವರು. ನನ್ನ ಮಗಳನ್ನ ಕರೆಸಿದ್ದೇ ಅವರ ಮಾತಿನ ಮೇಲೆ.” ಮೊದಲ ಸಹಿ ಅವಳದೇ ಇತ್ತು, ಉರುಟು ಅಕ್ಷರಗಳಲ್ಲಿ, ಶಾಲೆಯ ಕಾಪಿ ಪುಸ್ತಕದಷ್ಟು ನಿಧಾನವಾಗಿ ಬರೆದದ್ದು.

ಸೋಮವಾರ ಅವನು ಪತ್ರವನ್ನು ಸ್ಕ್ಯಾನ್ ಮಾಡಿ ಐದನೆಯ ಕಾರಣದ ಮುಂದೆ ಗುರುತು ಹಾಕಿದ. ಯೋಜನೆ ತೆರೆದುಕೊಂಡಿತು. ಆದರೆ ಹಳದಿಯಾಗಲಿಲ್ಲ. ಆ ನಮೂನೆಯಲ್ಲಿ ಅವನು ಅದುವರೆಗೆ ಕಂಡೇ ಇರದ ನಾಲ್ಕನೆಯ ಬಣ್ಣವೊಂದು ಬಂತು, ಬೂದು.

ಬೂದು ಬಣ್ಣದ ಹಿಂದೆ ಒಂದು ಚರಿತ್ರೆಯಿತ್ತು. ಮೂರು ವರ್ಷದ ಹಿಂದೆ ಇನ್ನೊಂದು ಖಂಡದಲ್ಲಿ, ಕಾಡಿನ ಜನ ಬೇಡವೆಂದ ಕಡೆ ಕಂಪನಿ ಬಲವಂತವಾಗಿ ಆಸ್ಪತ್ರೆ ಕಟ್ಟಲು ಹೋಗಿ, ಪತ್ರಿಕೆಗಳಲ್ಲಿ ಮಾನ ಹೋಗಿತ್ತು. ಅಂದಿನಿಂದ ಒಂದು ನಿಯಮ: ಜನ ಬೇಡವೆಂದರೆ ಬೇಡ. ಮನವೊಲಿಸುವಂತಿಲ್ಲ, ಆಮಿಷ ಒಡ್ಡುವಂತಿಲ್ಲ, ಅದೇ ವಸ್ತುವನ್ನು ಇನ್ನೊಂದು ರೂಪದಲ್ಲಿ ಕೊಡುವಂತಿಲ್ಲ. ಹನ್ನೆರಡು ತಿಂಗಳು ಆ ಜನರನ್ನು ಅವರ ಪಾಡಿಗೆ ಬಿಡಬೇಕು. ಆ ಕಾಡಿನಲ್ಲಿ ಇದು ನ್ಯಾಯವಾದ ನಿಯಮವೇ ಆಗಿತ್ತು.

ರಾಟರ್‌ಡ್ಯಾಮಿನಿಂದ ಬಂದ ಪತ್ರದಲ್ಲಿ ಬಹಳ ಸೌಜನ್ಯವಿತ್ತು. ಪಾಲಪ್ಪರಂಬಿನ ಜನ ತಮ್ಮ ದನಿಯನ್ನು ಇಷ್ಟು ಸ್ಪಷ್ಟವಾಗಿ ಕೇಳಿಸಿದ್ದಕ್ಕೆ ಕಂಪನಿ ಕೃತಜ್ಞ. ಅವರ ಇಚ್ಛೆಗೆ ಗೌರವ ಸೂಚಿಸಿ ಆ ವಾರ್ಡಿನಲ್ಲಿ ನೀರಿಗೆ ಸಂಬಂಧಿಸಿದ ಎಲ್ಲ ಚಟುವಟಿಕೆಯನ್ನೂ ನಿಲ್ಲಿಸಲಾಗಿದೆ. ಲಾರಿಯಂತೂ ಇಲ್ಲ, ಮಾರ್ಚಿನ ಉದ್ಘಾಟನೆಯೂ ಇಲ್ಲ. ಘಟಕದ ಗೇಟಿನ ಬಳಿ ಕಾವಲುಗಾರರ ನಲ್ಲಿಯಿಂದ ಒಂದಷ್ಟು ಹೆಂಗಸರು ನೀರು ಹಿಡಿದುಕೊಳ್ಳುತ್ತಿದ್ದರು. ಗೌರವದ ದೃಷ್ಟಿಯಿಂದ ಅದಕ್ಕೂ ಬೀಗ ಬಿತ್ತು.

ನಿತ್ಯಾನಂದ ಆ ದಿನವೇ ಇದ್ದದ್ದನ್ನು ಇದ್ದ ಹಾಗೆ ಬರೆದ: ಪತ್ರ ಬರೆದವನು ನಾನು, ಜನರಿಗೆ ನೀರು ಬೇಕು, ಏಳು ತಿಂಗಳ ಬಸುರಿಯೊಬ್ಬಳು ಅಲ್ಲಿದ್ದಾಳೆ. ನಾಲ್ಕು ದಿನದ ಮೇಲೆ ಉತ್ತರ ಬಂತು. ನೂರ ಎಪ್ಪತ್ತಾರು ನಿವಾಸಿಗಳ ಲಿಖಿತ ಅಭಿಪ್ರಾಯಕ್ಕಿಂತ ಒಬ್ಬ ನೌಕರನ ಅಭಿಪ್ರಾಯವನ್ನು ದೊಡ್ಡದು ಮಾಡುವುದು ಕಂಪನಿಯ ತತ್ವಕ್ಕೆ ವಿರುದ್ಧ. ಸಹಿ ಪಡೆಯುವಲ್ಲಿ ಅಕ್ರಮ ನಡೆದಿದೆ ಎಂದಾದರೆ ಅದಕ್ಕೆ ಬೇರೆ ವಿಭಾಗವಿದೆ, ವಿಚಾರಣೆಗೆ ತೊಂಬತ್ತು ದಿನ.

“ತೊಂಬತ್ತು ದಿನದಾಗ ಕೂಸು ಹುಟ್ಟಿ ನಗಲಿಕ್ಕೆ ಕಲೀತದ,” ಎಂದರು ವಿಜಯಶ್ರೀ. ಅವರು ತಮಾಷೆಗೆ ಹೇಳಿದ್ದಲ್ಲ. ಫೋನನ್ನು ಅವನ ಕಡೆ ಸರಿಸಿ, “ಆ ಹುಡುಗೀನ ಅತ್ತಿ ಮನಿಗೆ ಕಳಸಲಿಕ್ಕೆ ಹೇಳ್ರಿ,” ಎಂದರು.

ಅವನು ಹೇಳಿದ. ಕಲ್ಯಾಣಿ ಒಪ್ಪಲಿಲ್ಲ. “ಏಳಕ್ಕೆ ಕರೆತಂದವಳನ್ನ ಹೆರಿಗೆಗೆ ಮೊದಲೇ ವಾಪಸ್ ಬಿಟ್ಟು ಬಂದರೆ, ಆಮೇಲೆ ಅವಳು ಆ ಮನೆಯಲ್ಲಿ ಹೇಗೆ ತಲೆ ಎತ್ತಬೇಕು ಸಾರೇ? ಬೇಡ. ನಾನು ದೋಣಿಯಲ್ಲಿ ಹೋಗಿ ನೀರು ತರ್ತೀನಿ.”

ಹೊಳೆಯ ಆಚೆ ದಂಡೆಯಲ್ಲಿ ಒಂದು ಬೀದಿ ನಲ್ಲಿಯಿತ್ತು. ಅಲ್ಲಿಯ ಸಾಲು ಉದ್ದವಾದಂತೆ ಜಗಳವಾಯಿತು, ಆಚೆಯವರು ಈಚೆಯವರನ್ನು ತಡೆದರು. ಆಮೇಲೆ ಮುಚ್ಚಿಹೋದ ಇಟ್ಟಿಗೆ ಗೂಡಿನ ಹಿಂದಿನ ಕೊಳ. ನಿತ್ಯಾನಂದ ಪ್ರತಿ ಶನಿವಾರ ಎರ್ನಾಕುಲಂನಿಂದ ಆಟೋದಲ್ಲಿ ಎರಡು ಕ್ಯಾನು ನೀರು ಒಯ್ದು ಕೊಡುತ್ತಿದ್ದ, ನಿರ್ಮಲಳಿಗೆಂದು. ಎರಡನೆಯ ವಾರ ಹೋದಾಗ ಕ್ಯಾನುಗಳು ಜಗಲಿಯ ಮೇಲಿದ್ದವು, ಅಕ್ಕಪಕ್ಕದ ಮಕ್ಕಳು ಲೋಟ ಹಿಡಿದು ನಿಂತಿದ್ದರು.

“ಚೇಚಿ, ಇದು ಮಗಳಿಗೆ ಅಂದಿದ್ದೆನಲ್ಲ.”

“ಊರವರ ಕೈಯಲ್ಲಿ ಬೇಡ ಅಂತ ಸಹಿ ಹಾಕಿಸಿದವಳು ನಾನು. ಒಳಗಿಟ್ಟುಕೊಂಡು ಕುಡಿಯೋದು ಹೇಗೆ?”

ಮಗಳಿಗೆ ಅವಳು ಕೊಳದ ನೀರನ್ನು ಕುದಿಸಿಯೇ ಕೊಡುತ್ತಿದ್ದಳು. ಕುದಿಸಿದ ನೀರನ್ನು ಕುದಿಸದ ನೀರಿನಲ್ಲಿ ತೊಳೆದ ಲೋಟಕ್ಕೆ ಹಾಕಿ ಕೊಡುತ್ತಿದ್ದಳು. ಫೆಬ್ರವರಿ ಕೊನೆಗೆ ವಾರ್ಡಿನಲ್ಲಿ ಕಾಮಾಲೆ ಕಾಣಿಸಿಕೊಂಡಿತು, ಮೊದಲು ಇಬ್ಬರಿಗೆ, ಹತ್ತು ದಿನದಲ್ಲಿ ಹತ್ತೊಂಬತ್ತು ಮಂದಿಗೆ. ಕೊಳೆತ ನೀರಿನಿಂದ ಬರುವ ಕಾಮಾಲೆ ಅದು. ರಾಸಾಯನಿಕಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಕಂಪನಿ ಹೇಳಿಕೆ ಕೊಟ್ಟಿತು. ಹೇಳಿಕೆ ಅಕ್ಷರಶಃ ನಿಜ. ಗಂಡಸರಿಗೂ ಮಕ್ಕಳಿಗೂ ಮೂರು ವಾರ ಗಂಜಿ ಕುಡಿದು ಮಲಗಿದರೆ ಇಳಿಯುವ ಕಾಯಿಲೆ. ಬಸುರಿಯರಿಗೆ ಹಾಗಲ್ಲ.

ಮಾರ್ಚ್ ಮೊದಲ ವಾರ ಹಾಲೆಂಡಿನ ವರದಿ ಅಚ್ಚಿಗೆ ಹೋಯಿತು. ‘ಆಲಿಸುವುದು’ ಎಂಬ ಅಧ್ಯಾಯಕ್ಕೆ ಹನ್ನೊಂದು ದೇಶಗಳಲ್ಲಿ ಪಾಲಪ್ಪರಂಬನ್ನೇ ಆರಿಸಿದ್ದರು. ಸಹಿಗಳ ಹಾಳೆಯ ಚಿತ್ರ ಪೂರ್ತಿ ಪುಟಕ್ಕೆ ಹಾಕಿದ್ದರು, ಕಲ್ಯಾಣಿಯ ಉರುಟು ಅಕ್ಷರಗಳು ಎಲ್ಲಕ್ಕಿಂತ ಮೇಲೆ. ಸಿಂಗಪುರದ ಸಭೆಯಲ್ಲಿ ಅದನ್ನು ವಿವರಿಸಲು ವಿಜಯಶ್ರೀಯವರಿಗೆ ಕರೆ ಬಂತು. ಅವರು ಎರಡು ದಿನ ತಲೆನೋವೆಂದು ಮನೆಯಲ್ಲೇ ಇದ್ದು, ಮೂರನೆಯ ದಿನ ವೀಸಾಕ್ಕೆ ಅರ್ಜಿ ಹಾಕಿದರು.

“ಏನರ ಅನ್ರಿ,” ಎಂದರು ನಿತ್ಯಾನಂದನಿಗೆ. “ಒಂದ ಬೈಗುಳಾನಾದ್ರೂ ಬೈರಿ.”

“ಎಂತ ಬೈಯೂದು ಮೇಡಂ. ಒತ್ತಿದ್ದು ನಾನು.”

ಮಾರ್ಚ್ ಹನ್ನೊಂದರ ಭಾನುವಾರ ಅವನು ಎರ್ನಾಕುಲಂನ ಆಸ್ಪತ್ರೆಗೆ ಹೋದ. ಕಲ್ಯಾಣಿ ರೋಗಿಗಳ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ವೈಕಂನ ಬೀಗರು ಬೆಂಚಿನ ಇನ್ನೊಂದು ತುದಿಯಲ್ಲಿದ್ದರು, ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿ. ಅವನು ಆ ಜಾಗದಲ್ಲಿ ಕೂರಲಿಲ್ಲ, ನಿಂತೇ ಇದ್ದ. ಒಳಗೆ ನಿರ್ಮಲಳಿಗೆ ಆಗಲೇ ಪ್ರಜ್ಞೆ ಇರಲಿಲ್ಲ. ಯಕೃತ್ತು ಕೆಲಸ ನಿಲ್ಲಿಸಿದೆ ಎಂದು ಡಾಕ್ಟರ್ ಹೇಳಿದ್ದರು.

ಅವನು ಏನೇನೋ ಹೇಳಲು ತಯಾರಾಗಿ ಬಂದಿದ್ದ. ಕಲ್ಯಾಣಿಯೇ ಮೊದಲು ಮಾತಾಡಿದಳು, ತಗ್ಗಿದ ದನಿಯಲ್ಲಿ, ವೈಕಂನವರಿಗೆ ಕೇಳಿಸದ ಹಾಗೆ.

“ಸಾರೇ, ಆ ಬೇಡ ಅಂದ ಕಾಗದವನ್ನ ವಾಪಸ್ ತಗೋಳಕ್ಕೆ ಎಷ್ಟು ಸಹಿ ಬೇಕು? ಬೇಗ ತಂದು ಕೊಡ್ತೀನಿ. ಇನ್ನೂ ಮೂರು ಬಸುರಿಯರಿದ್ದಾರೆ ನಮ್ಮಲ್ಲಿ.”

“ಹನ್ನೆರಡು ತಿಂಗಳು ಯಾರ ಸಹಿಯೂ ತಗೊಳ್ಳೋದಿಲ್ಲ ಚೇಚಿ.”

“ಯಾಕೆ?”

“ನಿಮ್ಮ ಮೇಲೆ ಒತ್ತಡ ಹಾಕಿದ ಹಾಗೆ ಆಗಬಾರದು ಅಂತ.”

ಕಲ್ಯಾಣಿ ಅವನ ಮುಖವನ್ನೇ ನೋಡಿದಳು. ಅವನ ಮಲಯಾಳ ಅರ್ಥವಾಗಲಿಲ್ಲವೇನೋ ಎಂಬಂತೆ ಮತ್ತೊಮ್ಮೆ ಕೇಳಿದಳು, ಅವನು ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಆಮೇಲೆ ಅವಳು ಸೆರಗಿನ ತುದಿಯಿಂದ ಬೆಂಚಿನ ಖಾಲಿ ಜಾಗವನ್ನು ಒರೆಸಿ, “ಕೂತ್ಕೊಳ್ಳಿ ಸಾರೇ, ರೈಲಲ್ಲಿ ನಿಂತು ಬಂದಿರ್ತೀರಿ,” ಎಂದಳು. ಅವನು ಕೂತ.

ನಿರ್ಮಲ ಮಾರ್ಚ್ ಹದಿನಾಲ್ಕರ ಬುಧವಾರ ಬೆಳಿಗ್ಗೆ ತೀರಿಕೊಂಡಳು. ಮಗುವೂ ಉಳಿಯಲಿಲ್ಲ.